ಎರಡನೆಯ ಸಲ ತುಂಬಿದ ನೀರು

ಆ ದಿನ ಬೆಳಿಗ್ಗೆ ಗಾಳಿಯಲ್ಲಿ ಮಳೆಯ ವಾಸನೆ ಇತ್ತು, ಮಳೆ ಇರಲಿಲ್ಲ. ಹಿಂದಿನ ರಾತ್ರಿ ತುಂಗಭದ್ರೆಯ ಆಚೆ ಎಲ್ಲೋ ಸುರಿದಿರಬೇಕು. ನಮ್ಮ ಗುಡ್ಡಕ್ಕೆ ಒಂದು ಹನಿಯೂ ಬಿದ್ದಿರಲಿಲ್ಲ. ಕುರಿಗಳು ಮೂಗೆತ್ತಿ ಮೂಸಿದವು. ಆಮೇಲೆ, ಕರೆದು ಉಣ್ಣಲಿಕ್ಕಿಡದ ಮನೆಯಿಂದ ಹೊರಟವರ ಹಾಗೆ ತಲೆ ತಗ್ಗಿಸಿ ಸುಮ್ಮನಾದವು. ಚೈತ್ರದ ಬಿಸಿಲು ಇನ್ನೂ ಏರಿರಲಿಲ್ಲ, ಆದರೆ ಬಂಡೆಗಳು ಆಗಲೇ ಬೆಚ್ಚಗಿದ್ದವು. ಮಾಳವ್ವ ನನ್ನನ್ನು ಹೆಗಲಿಗೆ ತೂಗಿಹಾಕಿಕೊಂಡು, ಕಾಲಲ್ಲಿದ್ದ ಮೆಟ್ಟು ಕಳಚಿಟ್ಟು, ಗುಡ್ಡದ ಬುಡದ ಮೆಟ್ಟಿಲಬಾವಿಗೆ ಇಳಿದಳು.

ನಾನು ಒಂದು ಸೋರೆಬುರುಡೆ. ನೀರು ಹೊರುವುದು ದೇವರು ನನಗೆ ಕೊಟ್ಟ ಕೆಲಸ. ಆ ದಿನ ಏನಾಯಿತೆಂದು ಹೇಳಬೇಕಾದರೆ ನಾನು ಯಾರ ಕೈಯಿಂದ ಯಾರ ಕೈಗೆ ಬಂದೆನೆಂಬುದನ್ನು ಮೊದಲು ಹೇಳಬೇಕು. ಕೇಳುವವರಿಗೆ ಅವಸರವಿಲ್ಲದಿದ್ದರೆ ನನಗೂ ಇಲ್ಲ.

ಕೊಪ್ಪಳ ಸೀಮೆಯ ಒಂದು ಕುರುಬರ ಹಟ್ಟಿ. ಅಲ್ಲಿ ಅಮೋಗೆಪ್ಪನೆಂಬ ಕುರಿಗಾಹಿಯ ಮುಳ್ಳುಬೇಲಿಯ ಮೇಲೆ ಹಬ್ಬಿದ ಬಳ್ಳಿಯಲ್ಲಿ ನಾನು ಹುಟ್ಟಿದೆ. ಪಕ್ಕದ ಬಳ್ಳಿಯ ಸೋರೆಕಾಯಿಗಳೆಲ್ಲ ಎಳೆಯದರಲ್ಲೇ ಪಲ್ಯವಾಗಿ ರೊಟ್ಟಿಯ ಜೊತೆ ಹೋದವು. ನಮ್ಮದು ಕಹಿಸೋರೆಯ ಬಳ್ಳಿ. ಬಾಯಿಗಿಟ್ಟವರು ಉಗುಳುತ್ತಿದ್ದರು. ಆದ್ದರಿಂದ ನನ್ನನ್ನು ಯಾರೂ ಕೊಯ್ಯಲಿಲ್ಲ. ಕಹಿಯೇ ನನ್ನನ್ನು ಕಾಯಿತು. ಬಳ್ಳಿ ಒಣಗಿತು, ಎಲೆ ಉದುರಿತು, ಬೇಲಿಯ ಮೇಲೆ ನಾನೊಬ್ಬನೇ ಗಾಳಿಗೆ ಅಲ್ಲಾಡುತ್ತ ಉಳಿದೆ. ಆಗಲೇ ನನಗೆ ಒಂಟಿತನ ರೂಢಿಯಾದದ್ದು.

ಒಂದು ದಿನ ಅಮೋಗೆಪ್ಪ ಬಂದು ಬೆರಳ ಗೆಣ್ಣಿನಿಂದ ನನ್ನ ಹೊಟ್ಟೆಗೆ ಬಡಿದು ನೋಡಿದ. ಟಣ್ ಎಂದೆ. "ಗಟ್ಟಿ ಅದಿ ಮಗನ," ಅಂದ. ಕುತ್ತಿಗೆ ಕೊಯ್ದ, ಬೀಜ ಉದುರಿಸಿದ. ಹರಳುಕಲ್ಲು ತುಂಬಿಸಿ ಗಲಗಲ ಕುಲುಕಿ ಒಳಗಿನ ತಿರುಳೆಲ್ಲ ಕೆರೆದ. ನೀರು ತುಂಬಿಸಿ ಇಡುವುದು, ಚೆಲ್ಲುವುದು, ಮತ್ತೆ ತುಂಬಿಸುವುದು. ನನ್ನ ಕಹಿ ಬಿಡುವವರೆಗೂ ಅವನು ಬಿಡಲಿಲ್ಲ. ಬಳಿಕ ಒಲೆಯ ಮೇಲಿನ ಹೊಗೆಗೆ ಕಟ್ಟಿದ. ಹೊಗೆ ಕುಡಿದು ಕುಡಿದು ನನ್ನ ಮೈ ಬೆಲ್ಲದ ಬಣ್ಣಕ್ಕೆ ತಿರುಗಿತು. ಆಡಿನ ಕೂದಲಿನ ಹುರಿ ಹೊಸೆದು ಬಲೆ ಹೆಣೆದ, ಬಾಯಿಗೆ ಮೆಕ್ಕೆಜೋಳದ ದಿಂಡು ಬಿರಡೆಯಾಯಿತು. ಬೀರಪ್ಪನ ಗುಡಿಯ ಮುಂದೆ ಇಟ್ಟು, ಅರಿಸಿನದ ಭಂಡಾರ ಹಚ್ಚಿ, ಹೆಗಲಿಗೇರಿಸಿದ.

ಅವನ ಹೆಗಲ ಮೇಲಿಂದ ನಾನು ನಾಡು ನೋಡಿದೆ. ದೀಪಾವಳಿ ಕಳೆದ ಮೇಲೆ ಕುರಿ ಹೊಡೆದುಕೊಂಡು ನದಿಯ ಕಡೆಗೆ ಹೋಗುವುದು, ಮುಂಗಾರು ಹತ್ತಿರ ಬಂದಂತೆ ತಿರುಗಿ ಬರುವುದು. ನಡುವೆ ಎಷ್ಟೋ ದಿನ ಮನುಷ್ಯರ ಮುಖವೇ ಕಾಣುತ್ತಿರಲಿಲ್ಲ. ಅಮೋಗೆಪ್ಪ ಕುರಿಗಳಿಗೆ ಕಥೆ ಹೇಳುತ್ತಿದ್ದ. ಕುರಿಗಳು ಮುಂದೆ ಹೋದರೆ ನನಗೆ ಹೇಳುತ್ತಿದ್ದ. ನೀರು ಕುಡಿಯುವಾಗ ನನ್ನನ್ನು ಮೇಲೆತ್ತಿ ಧಾರೆಯಾಗಿ ಗಂಟಲಿಗೆ ಬಿಡುವನೇ ಹೊರತು ತುಟಿ ತಾಗಿಸುತ್ತಿರಲಿಲ್ಲ. ನೀರು ಹಲವರದು, ಎಂಜಲು ಒಬ್ಬನದಾಗಬಾರದು ಎಂಬುದು ಹಟ್ಟಿಯ ನಡೆ.

ಅಮೋಗೆಪ್ಪ ತೀರಿಕೊಂಡ ಮೇಲೆ ನಾನು ಅವನ ಮಗ ಕೆಂಚಪ್ಪನ ಪಾಲಿಗೆ ಬಂದೆ. ಕೆಂಚಪ್ಪ ಒಳ್ಳೆಯವನೇ, ಆದರೆ ಅವಸರದ ಮನುಷ್ಯ. ಸಂತೆಯಿಂದ ಪ್ಲಾಸ್ಟಿಕ್ ಕ್ಯಾನು ತಂದ. ನನ್ನನ್ನು ಕತ್ತೆಯ ಹೇರಿನ ಮೇಲೆ ಎಸೆದ. ಅಲ್ಲಿಂದ ಎತ್ತಿಕೊಂಡವಳು ಅವನ ಹೆಂಡತಿ ಮಾಳವ್ವ. "ಮಾವ ಹೊತ್ತದ್ದು, ಕತ್ತಿ ಹೊರಬೇಕೇನು?" ಅಂದಳು.

ಅವರಿಗೆ ಬಹಳ ಹರಕೆಗಳ ಮೇಲೆ ಒಂದು ಹೆಣ್ಣುಮಗು ಹುಟ್ಟಿತ್ತು. ಬೀರವ್ವ ಎಂದು ಹೆಸರಿಟ್ಟರು. ನಡೆಯಲು ಕಲಿಯುವ ಮೊದಲೇ ಆ ಮಗು ನನ್ನನ್ನು ಅಪ್ಪಿಕೊಳ್ಳಲು ಕಲಿಯಿತು. ಕ್ಯಾನಿನ ನೀರು ಕೊಟ್ಟರೆ ಮುಖ ತಿರುಗಿಸುತ್ತಿತ್ತು. ನನ್ನ ಬಾಯಿಗೆ ಬಾಯಿ ಹಚ್ಚಿ ಹೀರುವಾಗ ನನ್ನ ಹೊಟ್ಟೆಯೊಳಗೆ ಬುಡುಬುಡು ಸದ್ದಾಗುತ್ತದಲ್ಲ, ಅದಕ್ಕೆ ಅರ್ಧ ಕುಡಿದು ಅರ್ಧ ನಗುತ್ತಿತ್ತು. ನೀರು ಮೂಗಿಗೆ ಹೋಗುತ್ತಿತ್ತು. ಕೆಮ್ಮಿ ಮತ್ತೆ ನಗುತ್ತಿತ್ತು. ಆ ದಿನದವರೆಗೆ ನನಗೆ ತುಟಿ ತಾಗಿಸಿದವಳು ಅವಳೊಬ್ಬಳೇ. ಎಂಜಲೆಂದು ಯಾರೂ ಬೈಯಲಿಲ್ಲ. ಮಕ್ಕಳಿಗೆಲ್ಲಿಯ ಎಂಜಲು?

ಒಂದು ಚೈತ್ರದಲ್ಲಿ, ತಿರುಗಿ ಬರುವ ದಾರಿಯಲ್ಲಿ, ಈ ಗುಡ್ಡದ ಮೇಲೆಯೇ ಮಗುವಿಗೆ ಜ್ವರ ಬಂತು. ಹಟ್ಟಿ ದೂರ, ಊರು ದೂರ. ಕೆಂಚಪ್ಪ ಮಗುವನ್ನು ಕಂಬಳಿಯಲ್ಲಿ ಸುತ್ತಿ ಎದೆಗೆ ಕಟ್ಟಿಕೊಂಡು ಓಡಿದ. ಕೆಳಗಿನ ದಾರಿ ಮುಟ್ಟುವ ಮೊದಲೇ ತಿರುಗಿ ಬಂದ. ದಾರಿಯಲ್ಲಿ ಹೋದವರನ್ನು ದಾರಿಯಲ್ಲೇ ಮಣ್ಣು ಮಾಡುವುದು ಕುರಿಗಾಹಿಗಳ ಪಾಡು. ಗುಡ್ಡದ ನೆತ್ತಿಯಾಚೆ ಒಂದು ಮುಳ್ಳಿನ ಕಾರಿಗಿಡದ ಬುಡದಲ್ಲಿ ಮಲಗಿಸಿ, ಮೇಲೆ ಕಲ್ಲು ಪೇರಿಸಿದರು.

ಅಲ್ಲಿಂದ ಒಂದು ನೇಮ. ಕುರಿ ಆ ದಾರಿಯಲ್ಲಿ ತಿರುಗಿ ಬರುವಾಗ, ವರ್ಷಕ್ಕೊಮ್ಮೆ, ಮಾಳವ್ವ ಬರಿಗಾಲಲ್ಲಿ ಬಾವಿಗೆ ಇಳಿದು ನನ್ನನ್ನು ತುಂಬಿಸುತ್ತಾಳೆ. ನೆಲಕ್ಕೆ ಇಳಿಸದೆ, ಯಾರೂ ಬಾಯಿ ಹಚ್ಚದೆ ಮೇಲಕ್ಕೆ ಹೊತ್ತು ತಂದು ಆ ಕಲ್ಲುಗಳ ಮೇಲೆ ಸುರಿಯುತ್ತಾಳೆ. ಬುಡುಬುಡು ಎನ್ನುತ್ತ ನಾನು ಬರಿದಾಗುತ್ತೇನೆ. ಅವಳು ಕಣ್ಣು ಮುಚ್ಚಿಕೊಂಡು ಆ ಸದ್ದು ಕೇಳುತ್ತಾಳೆ. ಆಮೇಲೆ ಕುರಿಯ ಹಿಂದೆ ನಡೆಯುತ್ತಾಳೆ. ವರ್ಷವಿಡೀ ಅವಳು ಆ ಮಗುವಿನ ಹೆಸರು ಎತ್ತುವುದಿಲ್ಲ.

ಆ ದಿನವೂ ಹಾಗೆಯೇ ತುಂಬಿಸಿದಳು. ಅವಳ ಮೊಣಕಾಲು ಈಗ ಮೊದಲಿನಂತಿರಲಿಲ್ಲ. ಎರಡು ಬಂಡೆಗೊಮ್ಮೆ ನಿಂತು, "ಬೀರಪ್ಪಾ, ಏರಸೋ," ಎನ್ನುತ್ತ ಏರಿದಳು. ನೆತ್ತಿ ಮುಟ್ಟುವಷ್ಟರಲ್ಲಿ ಬಿಸಿಲು ಉರಿಯತೊಡಗಿತ್ತು. ಕೆಂಚಪ್ಪನೂ ಅವನ ಅಣ್ಣನ ಮಗನೂ ಕುರಿಗಳನ್ನು ಮುಂದೆ ಹೊಡೆದಿದ್ದರು. ಸಂಜೆಯೊಳಗೆ ಮುಂದಿನ ನೀರಿನ ತಾಣ ಸೇರದಿದ್ದರೆ ಮರಿಗಳು ಉಳಿಯುವುದಿಲ್ಲ.

ನೆತ್ತಿಯ ಮೇಲೆ, ಒಂದು ಬಂಡೆಯ ತುಣುಕು ನೆರಳಿನಲ್ಲಿ, ಪ್ಯಾಂಟು ಶರಟಿನ ಒಬ್ಬ ಮನುಷ್ಯ ಕುಳಿತಿದ್ದ. ಕೈಯಲ್ಲಿ ಮೊಬೈಲ್ ಹಿಡಿದು ಅದನ್ನೇ ನೋಡುತ್ತಿದ್ದ. ಎದ್ದ, ನಾಲ್ಕು ಹೆಜ್ಜೆ ನಡೆದ, ನಿಂತ, ಎಡಕ್ಕೆ ತಿರುಗಿದ, ಮತ್ತೆ ಅದನ್ನು ನೋಡಿದ. ಮಾಳವ್ವನ ಎದೆ ಧಸಕ್ ಎಂದದ್ದು ಬೆನ್ನಿಗೆ ಅಂಟಿಕೊಂಡಿದ್ದ ನನಗೆ ತಿಳಿಯಿತು. ನಮ್ಮ ಸೀಮೆಯ ಹಳೆಯ ಗುಡ್ಡಗಳಲ್ಲಿ ಹೀಗೆ ಯಂತ್ರ ಹಿಡಿದು ಹೆಜ್ಜೆ ಅಳೆಯುವವನೆಂದರೆ ಒಂದೇ ಅರ್ಥ: ನಿಧಿಗಳ್ಳ. ಅವರು ಪೇರಿಸಿದ ಕಲ್ಲು ಕಂಡಲ್ಲೆಲ್ಲ ಅಗೆಯುತ್ತಾರೆ. ಬೀರವ್ವನ ಕಲ್ಲು ಇದ್ದದ್ದು ಅಲ್ಲಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ.

"ಯಾರಪಾ ನೀನು?" ಅವಳು ದನಿ ಎತ್ತಿದಳು. "ಅಗಿಯೋ ಹಾರಿ ಎಲ್ಲಿ ಇಟ್ಟಿ? ಕರಿಕೋಳಿ ಎಲ್ಲಿ?"

ಅವನು ಬೆಚ್ಚಿ ತಿರುಗಿದ. "ಎಂಥಾ ಕೋಳಿ, ಅಕ್ಕಾ?"

"ನಿಧಿಗೆ ಬಲಿ ಕೊಡಾಕ. ನಂಗೇನ್ ಗೊತ್ತಿಲ್ಲ ಅಂದ್ಕೊಂಡ್ಯಾ?"

"ಅಯ್ಯಯ್ಯೋ, ನಾವು ಜೈನರು ಅಕ್ಕಾ. ಕೋಳಿ ಕಂಡ್ರ ದಾರಿ ಬಿಟ್ಟು ನಡಿಯೋರು." ಅವನು ನಗಲು ಹೋದ. ತುಟಿ ಒಡೆದಿತ್ತು, ನಗು ಬರಲಿಲ್ಲ. "ನನ್ನ ಹೆಸರು ನೇಮಿನಾಥ. ಗದಗಿನ್ಯಾಗ ಚಷ್ಮಾದ ಅಂಗಡ್ಯಾಗ ಗ್ಲಾಸ್ ತಿಕ್ಕೋ ಕೆಲಸ."

"ಗದಗಿನ ಚಷ್ಮಾ ಬಿಟ್ಟು ಈ ಕಲ್ಲಾಗ ಏನ್ ತಿಕ್ಕಾಕ ಬಂದಿ?"

ಅವನು ಮೊಬೈಲ್ ಅವಳ ಕಡೆ ತಿರುಗಿಸಿದ. "ದಿನಾ ಮುಂಜಾನೆ ಇದು ಒಂದು ಜಾಗದ ಅಂಕಿ ಕೊಡತೈತಿ. ಚೀಟಿ ಎತ್ತಿದಂಗ. ಹೊಲ ಬರಬಹುದು, ಕೆರಿ ಬರಬಹುದು, ಹಿಂಗ ಗುಡ್ಡ ಬರಬಹುದು. ಯಾರೂ ಆರಿಸಿದ್ದಲ್ಲ. ನನ್ನ ಸೂಟಿ ದಿನ ಎಲ್ಲಿ ಬರತೈತೋ ಅಲ್ಲಿಗೆ ಹೋಗ್ತೀನಿ. ನಿಂದರ್ತೀನಿ. ತಿರುಗಿ ಬರ್ತೀನಿ. ಇವತ್ತು ಅಗೋ, ಆ ಬೋಳು ಬಂಡಿ ಹತ್ರ ಬಂದೈತಿ."

"ಅಲ್ಲಿ ಏನೈತಿ?"

"ಏನೂ ಇರಾಂಗಿಲ್ಲ."

"ಕುರಿ ಕಳಕೊಂಡವರೂ ಹಿಂಗ ಅಡ್ಡಾಡಾಂಗಿಲ್ಲಪಾ! ಏನೂ ಇಲ್ಲದ ಕಡೀಗೆ ಯಾಕ ಹೊಂಟಿ?"

ಅವನು ಮೊಬೈಲಿನ ಗಾಜನ್ನು ಶರಟಿನ ತುದಿಗೆ ತಿಕ್ಕಿದ. "ನನ್ನ ಯಾರೂ ಎಲ್ಲಿಗೂ ಕರಿಯಾಂಗಿಲ್ಲ, ಅಕ್ಕಾ. ಈ ಅಂಕಿ ಕರೀತೈತಿ. ಹೊಕ್ಕೀನಿ."

ಇಷ್ಟು ಹೇಳಿ ಬಂಡೆಗೆ ಕೈ ಆನಿಸಿದ. ಕೈ ಜಾರಿತು, ಕುಸಿದು ಕುಳಿತ. ಏರುವಾಗ ಅವನ ನೀರಿನ ಬಾಟಲಿ ಬಂಡೆಗಳ ಸಂದಿಗೆ ಬಿದ್ದುಹೋಗಿತ್ತಂತೆ. ಒಳಗೆ ಕರಡಿ ಇರಬಹುದೆಂದು ಕೈ ಹಾಕಿರಲಿಲ್ಲ. ಮುಖ ಕೆಂಪೇರಿ, ನಾಲಿಗೆ ಅಂಟಿ, ಮಾತು ತಡವರಿಸತೊಡಗಿತು.

ಮಾಳವ್ವ ನನ್ನನ್ನು ನೋಡಿದಳು. ಕಾರಿಗಿಡದ ಕಡೆ ನೋಡಿದಳು. ಅವಳ ಕೈ ನನ್ನ ಬಿರಡೆಯ ಮೇಲೆ ಬಂದು ನಿಂತಿತು. ಅವಳ ಕೈ ಏನು ಮಾಡುವುದೆಂದು ನಾನು ಹಿಂದೆಂದೂ ಹೀಗೆ ಕಾದಿರಲಿಲ್ಲ. ಕೊಡು ಎಂದು ಹೇಳಲೂ ನನಗೆ ಬಾಯಿಲ್ಲ, ಬೇಡ ಎನ್ನಲೂ ಬಾಯಿಲ್ಲ.

ಬಿರಡೆ ತೆಗೆದು ಅವನ ಕೈಗೆ ಕೊಟ್ಟಳು.

ಅವನು ಅಭ್ಯಾಸದಿಂದ ಕಿಸೆಯ ಬಿಳಿ ಕರವಸ್ತ್ರ ತೆಗೆದ. ಸೋಸದ ನೀರು ಅವರ ಮನೆಯಲ್ಲಿ ಯಾರೂ ಕುಡಿಯುವುದಿಲ್ಲ. ಆದರೆ ಬಟ್ಟೆ ಕೈಜಾರಿ ಕೆಳಗೆ ಬಿತ್ತು. ಮರುಕ್ಷಣ ನನ್ನ ಬಾಯಿಗೆ ಬಾಯಿ ಹಚ್ಚಿ ಹೀರಿದ. ಬುಡುಬುಡು, ಬುಡುಬುಡು. ನೀರು ಮೂಗಿಗೆ ಹೋಗಿ ಕೆಮ್ಮಿದ, ಮತ್ತೆ ಕುಡಿದ. ಮಾಳವ್ವ ಮುಖ ತಿರುಗಿಸಿ ನಿಂತಳು. ಒಂದು ಹನಿ ಉಳಿಯದಂತೆ ನಾನು ಬರಿದಾದೆ.

ಜೀವ ಬಂದ ಮೇಲೆ ಅವನಿಗೆ ಅವಳ ಒಣಗಿದ ತುಟಿ ಕಂಡಿತು. "ಅಕ್ಕಾ, ಇಷ್ಟ ನೀರು ಹೊತ್ಕೊಂಡು ಬಂದು ನೀವ್ಯಾಕ ಒಂದ್ ಗುಟುಕು ಕುಡಿದಿಲ್ಲ?"

"ಇರ್ಲಿ ಬಿಡು. ನೀರು ಹೋಗಬೇಕಾದ ಗಂಟಲಕ್ಕ ಹೋತು."

"ಯಾರಿಗೆ ತಂದಿದ್ರಿ?"

ಅವಳು ಹೇಳಬಾರದೆಂದಿದ್ದಳು. ಆದರೆ ಗುರುತಿಲ್ಲದವರ ಮುಂದೆ ಮಾತು ಸಡಿಲವಾಗುತ್ತದೆ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ, ಎಲ್ಲವನ್ನೂ ಹೇಳಿದಳು. ಮಗು ಬುಡುಬುಡು ಸದ್ದಿಗೆ ನಗುತ್ತಿದ್ದುದನ್ನು ಹೇಳುವಾಗ ಮಾತ್ರ ಸೆರಗು ಸುತ್ತುವ ಬೆರಳು ನಿಂತಿತು. "ನನ್ನ ಮೊಣಕಾಲು ಮತ್ತ ಇಳಿಯಾಕ ಒಲ್ಲೆ ಅಂತಾವು. ಕುರಿ ಮುಂದ ಹೋಗ್ಯಾವು. ಈ ವರ್ಷ ಅಕಿಗೆ ನೀರಿಲ್ಲ, ಅಷ್ಟ."

ನೇಮಿನಾಥ ನನ್ನನ್ನು ನೋಡಿದ. ಕೈಯಲ್ಲಿ ಮಗು ಹಿಡಿದವನು ಹೇಗೆ ಹಿಡಿಯಬೇಕೆಂದು ತಿಳಿಯದೆ ನಿಲ್ಲುತ್ತಾನಲ್ಲ, ಹಾಗೆ ನಿಂತಿದ್ದ.

"ಬಾವಿ ಎಲ್ಲೈತಿ?"

"ಬ್ಯಾಡೋ ತಮ್ಮಾ. ಈಗ ಜೀವ ಬಂದೈತಿ. ಬಿಸಲು ನೋಡು."

"ಎಲ್ಲೈತಿ ಹೇಳ್ರಿ." ಅವಳು ಗುಡ್ಡದ ಬುಡದ ಕಡೆ ಕೈ ತೋರಿಸಿದಳು.

ಹೊತ್ತಾಯಿತೆಂದು ತಿರುಗಿ ಬಂದಿದ್ದ ಕೆಂಚಪ್ಪ ಅಷ್ಟರಲ್ಲಿ ಅಲ್ಲಿಗೆ ಮುಟ್ಟಿದ. ನಡೆದದ್ದು ತಿಳಿದು ಕೋಲು ನೆಲಕ್ಕೆ ಕುಟ್ಟಿದ. "ಏ ಮಾಳಿ, ಬುರುಡಿ ಕೊಟ್ಟು ಕಳಸ್ತೀಯೇನು? ಪ್ಯಾಟಿ ಮನಷ್ಯಾ ಕೆಳಗಿಳದ್ರ ಮ್ಯಾಲ ಬರ್ತಾನ? ನೀರೂ ಹೋತು, ನಮ್ಮಪ್ಪನ ಬುರುಡಿನೂ ಹೋತು ಅಂತ ತಿಳ್ಕೋ."

ನೇಮಿನಾಥ ಮೊಬೈಲನ್ನೂ ಚೀಲವನ್ನೂ ಮಾಳವ್ವನ ಮುಂದೆ ಬಂಡೆಯ ಮೇಲಿಟ್ಟ. ಬೂಟು ಬಿಚ್ಚಿದ.

"ಬೂಟ್ ಯಾಕೋ? ಕಾಲು ಸುಡತಾವು."

"ನೀವೂ ಬರಿಗಾಲಾಗ ಇಳದಿದ್ರಿ."

"ನೆಲಕ್ಕ ಇಳಸಬ್ಯಾಡ," ಅಂದಳು ಅವಳು, ಸಣ್ಣ ದನಿಯಲ್ಲಿ. "ದಾರ್ಯಾಗ ಕುಡಿಬ್ಯಾಡ."

ಅಪರಿಚಿತನ ಹೆಗಲ ಮೇಲೆ ನಾನು ಇಳಿದೆ. ಅವನ ಹೆಗಲಿಗೆ ಹುರಿಯ ಗುರುತಿಲ್ಲ. ನಾನು ಅಲ್ಲಿ ಜಾರುತ್ತಿದ್ದೆ, ಅವನು ಹಿಡಿಯುತ್ತಿದ್ದ. ಬಂಡೆ ಸುಟ್ಟಲ್ಲಿ ಹಿಮ್ಮಡಿ ಎತ್ತಿ ಕುಪ್ಪಳಿಸುತ್ತಿದ್ದ. ಬಾವಿಯ ಕೊನೆಯ ಮೆಟ್ಟಿಲಲ್ಲಿ ಕುಳಿತು, ಕರವಸ್ತ್ರವನ್ನು ಚೆನ್ನಾಗಿ ಒಗೆದು, ಮಡಿಸಿ ನನ್ನ ಬಾಯಿಗೆ ಹೊದಿಸಿದ. ಬೊಗಸೆ ಬೊಗಸೆಯಾಗಿ ನೀರು ಸೋಸಿ ತುಂಬಿಸಿದ. ನನ್ನ ಜನ್ಮದಲ್ಲಿ ಸೋಸಿದ ನೀರು ಹೊತ್ತದ್ದು ಅದೇ ಮೊದಲು. ತುಂಬಿದ ಮೇಲೆ ಬಟ್ಟೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳು ಸಾಯಬಾರದೆಂದು ಬಟ್ಟೆಯನ್ನು ಬಾವಿಯ ನೀರಿನಲ್ಲಿಯೇ ಮೆಲ್ಲಗೆ ಜಾಲಿಸಿದ. ಆ ಮೇಲೆ ಎದ್ದ. ತುಟಿ ಒಣಗಿತ್ತು, ಆದರೂ ಬಾವಿಯಿಂದ ಒಂದು ಬೊಗಸೆಯನ್ನೂ ತಾನು ಕುಡಿಯಲಿಲ್ಲ. ಯಾಕೆ ಎಂದು ನನಗೆ ಗೊತ್ತಾಗಲಿಲ್ಲ. ಕೆಲವು ನೇಮಗಳನ್ನು ಮನುಷ್ಯರು ಅಲ್ಲಿಯೇ, ಆ ಕ್ಷಣಕ್ಕೆ ಹುಟ್ಟಿಸಿಕೊಳ್ಳುತ್ತಾರೆ.

ಅರ್ಧ ಗುಡ್ಡ ಏರಿದಾಗ ಕಾಲು ತಪ್ಪಿತು. ಅವನು ಬಿದ್ದ. ಬೀಳುವಾಗ ನನ್ನನ್ನು ಎದೆಗೆ ಅವುಚಿಕೊಂಡು ಮೊಣಕೈ ಕೆಳಗೆ ಕೊಟ್ಟ, ನೆಲ ಮುಟ್ಟಗೊಡಲಿಲ್ಲ. ಆದರೂ ಪಕ್ಕದ ಕಲ್ಲಿನ ಮೂಲೆ ನನ್ನ ಬದಿಗೆ ತಾಗಿತು. ಚಿಟ್ ಎಂದು ಸಣ್ಣ ಸದ್ದು. ಅದು ನನ್ನ ನೀರು ಹೊರುವ ಆಯುಷ್ಯ ಮುಗಿದ ಸದ್ದು ಎಂದು ನನಗೆ ಆಗಲೇ ತಿಳಿಯಿತು. ಸೀಳಿನಿಂದ ನೀರು ಹನಿಯತೊಡಗಿತು. ಅವನು ಮೊಣಕೈಯ ರಕ್ತ ನೋಡಿಕೊಳ್ಳಲಿಲ್ಲ. ಸೀಳಿನ ಮೇಲೆ ಎರಡು ಬೆರಳು ಒತ್ತಿ ಹಿಡಿದು, ಹಾಗೆಯೇ ಎದ್ದು, ಒಂದು ಕೈಯಿಂದ ಬಂಡೆ ಹಿಡಿಯುತ್ತ ಏರಿದ.

ಆ ಸೀಳು ಇನ್ನೂ ನನ್ನ ಮೈಮೇಲಿದೆ. ಆ ದಿನದ ನಂತರ ನಾನು ನೀರು ಹೊತ್ತಿಲ್ಲ. ಈಗ ಹಟ್ಟಿಯಲ್ಲಿ, ದೇವರ ಮೂಲೆಯ ಗೂಟಕ್ಕೆ ತೂಗುತ್ತೇನೆ. ನನ್ನೊಳಗೆ ಬೀರಪ್ಪನ ಭಂಡಾರ ತುಂಬಿಟ್ಟಿದ್ದಾರೆ. ಅರಿಸಿನದ ಪುಡಿ ಸೋರುವುದಿಲ್ಲ. ಕುರಿ ಹೊರಟುಹೋದ ತಿಂಗಳುಗಳಲ್ಲಿ ಹಟ್ಟಿ ಬರಿದಾಗಿರುತ್ತದೆ, ಗಾಳಿಗೆ ಬಾಗಿಲು ತಾನೇ ತೆರೆದು ತಾನೇ ಮುಚ್ಚುತ್ತದೆ. ಆಗ ನಾನು ಯೋಚಿಸುತ್ತೇನೆ. ಯಾವುದೋ ಅಂಕಿ ಒಬ್ಬನನ್ನು ಗದಗಿನಿಂದ ಎಬ್ಬಿಸಿ ಏನೂ ಇಲ್ಲದ ಬಂಡೆಯ ಕಡೆಗೆ ಕಳಿಸಿತು. ಆ ಅಂಕಿಯನ್ನು ಯಾರೂ ಆರಿಸಲಿಲ್ಲವೆಂದು ಅವನು ಹೇಳಿದ. ಇರಬಹುದು. ನಾನು ಯಾವ ಬೇಲಿಯ ಮೇಲೆ ಹುಟ್ಟಬೇಕೆಂದೂ ಯಾರೂ ಆರಿಸಿರಲಿಲ್ಲ. ಆದರೂ ನೀರು ತನ್ನ ಇಳಿಜಾರನ್ನು ಹುಡುಕಿಕೊಳ್ಳುತ್ತದೆ. ಅದನ್ನು ಇಳಿಜಾರು ಎನ್ನಿ, ದೇವರು ಎನ್ನಿ. ಹೊರುವ ಪಾತ್ರೆಗೆ ಹೆಸರಿನ ಹಂಗಿಲ್ಲ.

ನೆತ್ತಿ ಹತ್ತಿರವಾದಾಗ ಅವನ ಉಸಿರು ಸಿಳ್ಳೆಯಂತೆ ಬರುತ್ತಿತ್ತು. ಕುರಿಗಳ ಸದ್ದು ಎಲ್ಲಿಯೂ ಇರಲಿಲ್ಲ. ಗಂಟೆಯ ಕಿಣಿಕಿಣಿಯೂ ಇಲ್ಲ. ಅವನು ಬಂಡೆಯ ಮೇಲೆ ನೋಡಿದ: ಚೀಲವಿತ್ತು, ಮೊಬೈಲಿತ್ತು, ಬೂಟುಗಳು ಜೋಡಿಯಾಗಿದ್ದವು. ಮನುಷ್ಯರಿರಲಿಲ್ಲ. ಬೋಳು ಬಂಡೆ ಎದುರಿಗೇ ಹೊಳೆಯುತ್ತಿತ್ತು, ಅವನು ಬೆಳಗಿನಿಂದ ಹೊರಟಿದ್ದ ಜಾಗ. ಅವನು ಅತ್ತ ತಿರುಗಲಿಲ್ಲ, ಮೊಬೈಲನ್ನು ಮುಟ್ಟಲಿಲ್ಲ. ನನ್ನನ್ನು ಹಿಡಿದುಕೊಂಡು ಎತ್ತ ಹೋಗಬೇಕೆಂದು ತಿಳಿಯದೆ ಸುತ್ತ ನೋಡಿದ. ಅಷ್ಟು ದೊಡ್ಡ ಗುಡ್ಡದ ಮೇಲೆ ಅಷ್ಟು ಒಂಟಿಯಾದವನನ್ನು ನಾನು ಕಂಡಿಲ್ಲ. ಅಮೋಗೆಪ್ಪನಿಗಾದರೂ ಕುರಿಗಳಿದ್ದವು.

"ಇತ್ತ ಬಾರೋ," ಎಂಬ ದನಿ ಬಂತು.

ಕೆಂಚಪ್ಪ. ಸ್ವಲ್ಪ ದೂರದಲ್ಲಿ ಕೋಲಿಗೆ ಗದ್ದ ಆನಿಸಿ, ನಮ್ಮ ಕಡೆ ಬೆನ್ನು ಮಾಡಿ ಕುಳಿತಿದ್ದ. "ಕುರಿ ಅಣ್ಣನ ಮಗನ ಕೈಗೆ ಕೊಟ್ಟು ಬಂದೆ. ಏನ್ ಹೊತ್ತು ಮಾಡ್ತಿಯೋ ಮಾರಾಯಾ! ಅಲ್ಲಿ ಕುಂತಾಳ ನೋಡು, ಕಾರಿಗಿಡದ ಬುಡದಾಗ. ನೀ ಬರಾಂಗಿಲ್ಲ ಅಂತ ನಾ ಹೇಳಿದ್ರೂ ಎದ್ದು ಬರವಲ್ಲಳು."

ಮುಳ್ಳುಗಿಡದ ಜಾಳು ನೆರಳಿನಲ್ಲಿ ಮಾಳವ್ವ ಕುಳಿತಿದ್ದಳು. ಮುಂದೆ ಕಲ್ಲುಗಳ ಗುಪ್ಪೆ, ಕಲ್ಲುಗಳ ನಡುವೆ ಒಣಹುಲ್ಲು. ನೇಮಿನಾಥ ಹತ್ತಿರ ಹೋಗಿ ನಿಂತ. ಅವಳು ಅವನ ಮುಖ ನೋಡಲಿಲ್ಲ. ಅವನ ಸುಟ್ಟ ಪಾದ ನೋಡಿದಳು, ರಕ್ತದ ಮೊಣಕೈ ನೋಡಿದಳು, ನನ್ನ ಬದಿಯ ಸೀಳಿನ ಮೇಲೆ ಬಿಗಿದ ಎರಡು ಬೆರಳು ನೋಡಿದಳು. ನಿಧಾನವಾಗಿ ಎದ್ದಳು.

ಅವನು ಎರಡು ಕೈಯಲ್ಲಿ ನನ್ನನ್ನು ಮುಂದೆ ಚಾಚಿದ. ಅವನು ಬೆರಳು ತೆಗೆಯುವ ಮೊದಲೇ ಅವಳ ಬೆರಳು ಸೀಳಿನ ಮೇಲೆ ಬಂತು. ಒಂದು ಹನಿಯೂ ಚೆಲ್ಲಲಿಲ್ಲ.